ರೊನಾಲ್ಡ್ ರಾಸ್: ಒಂದು ಹನಿ ರಕ್ತದ ಪಾಠ

ಕಟ್ಟಾಯದಂತಹ ಊರುಗಳಿಂದ ಹಾಸನದ ಕಾಲೇಜಿಗೆ ಬರುವ ನಾವು ಅಜ್ಜಿಯರ ಬಾಯಲ್ಲಿ ಚಳಿಜ್ವರದ ಹೆಸರನ್ನು ಕೇಳಿಯೇ ಬೆಳೆದವರು. ಆ ಜ್ವರ ಹರಡುವ ಬಗೆಯನ್ನು ಕಂಡುಹಿಡಿದ ಮಹನೀಯರು ಸರ್ ರೊನಾಲ್ಡ್ ರಾಸ್. ಅವರ ಗೆಲುವನ್ನು ನಾವು ಪಠ್ಯದಲ್ಲಿ ಓದಿದ್ದೇವೆ. ಆದರೆ ಅವರು ಎರಡು ಬಾರಿ ತಪ್ಪಿದರೆಂಬುದು ಬಹುಮಂದಿಗೆ ತಿಳಿಯದು.

ರಾಸ್ ಅವರು 1857ರ ಮೇ 13ರಂದು ಹಿಮಾಲಯದ ತಪ್ಪಲಿನ ಅಲ್ಮೋರದಲ್ಲಿ ಜನಿಸಿದರು. ತಂದೆ ಸೈನ್ಯದ ಅಧಿಕಾರಿ. ಮಗನಿಗೆ ಕಾವ್ಯ, ಚಿತ್ರಕಲೆಗಳಲ್ಲಿ ಒಲವು. ತಂದೆಯ ಇಚ್ಛೆಯೋ ವೈದ್ಯವೃತ್ತಿ. ತಂದೆಯ ಮಾತೇ ನಡೆಯಿತು. 1881ರಲ್ಲಿ ರಾಸ್ ಇಂಡಿಯನ್ ಮೆಡಿಕಲ್ ಸರ್ವೀಸನ್ನು ಸೇರಿದರು. 1883ರಲ್ಲಿ ಬೆಂಗಳೂರಿನ ದಂಡಿನಲ್ಲಿದ್ದಾಗ ತಮ್ಮ ಬಂಗಲೆಯ ಬಳಿಯ ನೀರಿನ ತೊಟ್ಟಿಯಲ್ಲಿ ಸೊಳ್ಳೆಯ ಮರಿಗಳನ್ನು ಕಂಡು, ನೀರನ್ನು ಚೆಲ್ಲಿಸಿ, ಕಾಟ ಕಡಿಮೆಯಾದದ್ದನ್ನು ಗಮನಿಸಿದರು. ಸೊಳ್ಳೆಗೂ ಜ್ವರಕ್ಕೂ ನಂಟಿದೆಯೆಂಬುದು ಆಗ ಅವರಿಗೆ ಹೊಳೆದಿರಲಿಲ್ಲ.

ಮಲೇರಿಯದ ಪರೋಪಜೀವಿಯನ್ನು ಫ್ರೆಂಚ್ ವೈದ್ಯ ಲಾವೆರಾನ್ 1880ರಲ್ಲಿಯೇ ರೋಗಿಗಳ ರಕ್ತದಲ್ಲಿ ಕಂಡಿದ್ದರು. ರಾಸ್ ಅವರು ಎಷ್ಟು ಹುಡುಕಿದರೂ ಅದು ಅವರ ಕಣ್ಣಿಗೆ ಬೀಳಲಿಲ್ಲ. ಅಂತಹ ಜೀವಿಯೇ ಇಲ್ಲವೆಂದು ಅವರು ವಾದಿಸಿದರು. ಇದು ಮೊದಲನೆಯ ತಪ್ಪು. 1894ರಲ್ಲಿ ಲಂಡನ್ನಿನಲ್ಲಿ ಪ್ಯಾಟ್ರಿಕ್ ಮ್ಯಾನ್ಸನ್ ಸೂಕ್ಷ್ಮದರ್ಶಕದಡಿ ಅದನ್ನು ತೋರಿಸಿಕೊಟ್ಟಾಗ ರಾಸ್ ಹಟ ಹಿಡಿಯದೆ ಒಪ್ಪಿಕೊಂಡರು. ಮಾತ್ರವಲ್ಲ, ತಮ್ಮ ಬಾಳನ್ನೇ ಅದಕ್ಕೆ ಮುಡಿಪಿಟ್ಟರು.

1895ರಲ್ಲಿ ಬೆಂಗಳೂರಿನಲ್ಲಿ ಕಾಲರಾ ತಡೆಯುವ ಕೆಲಸ ಮೇಲೆ ಬಿತ್ತು. 1897ರಲ್ಲಿ ನೀಲಗಿರಿಯಲ್ಲಿ ಅವರಿಗೇ ಮಲೇರಿಯ ತಗುಲಿತು. ಅದೇ ವರ್ಷ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ, ಹುಸೇನ್ ಖಾನ್ ಎಂಬ ರೋಗಿಯ ರಕ್ತ ಹೀರಿದ ಅನೋಫಿಲಿಸ್ ಸೊಳ್ಳೆಯ ಜಠರದ ಗೋಡೆಯಲ್ಲಿ ಪರೋಪಜೀವಿಯನ್ನು ಕಂಡರು. ಮರುವರ್ಷ ಕಲ್ಕತ್ತೆಯಲ್ಲಿ ಹಕ್ಕಿಗಳ ಮಲೇರಿಯವನ್ನು ಪರೀಕ್ಷಿಸಿ, ರೋಗವು ಸೊಳ್ಳೆಯ ಜೊಲ್ಲಿನ ಗ್ರಂಥಿಯ ಮೂಲಕ ದಾಟುವುದೆಂದು ತೋರಿಸಿದರು. 1902ರಲ್ಲಿ ನೊಬೆಲ್ ಪಾರಿತೋಷಕ ಬಂದಿತು.

ಎರಡನೆಯ ತಪ್ಪು ಕೀರ್ತಿ ಕೈಗೆ ಬಂದ ಹೊಸತರಲ್ಲಿಯೇ ನಡೆಯಿತು. 1898ರಲ್ಲಿ ಅಸ್ಸಾಮಿನ ಕಾಲಾ ಅಜಾರ್ ಎಂಬ ಮಾರಿಯ ವಿಚಾರಣೆಗೆ ಸರ್ಕಾರವು ಅವರನ್ನು ಕಳುಹಿಸಿತು. ಬಿಡದ ಜ್ವರ, ಊದಿದ ಗುಲ್ಮ, ಬಡಕಲು ದೇಹ; ಇದು ಮಲೇರಿಯದ್ದೇ ಒಂದು ರೂಪವೆಂದು ರಾಸ್ ತೀರ್ಮಾನಿಸಿದರು. 1903ರಲ್ಲಿ ಲೀಷ್ಮನ್ ಮತ್ತು ಮದರಾಸಿನ ಡೊನೊವನ್ ಬೇರೆಯೇ ಪರೋಪಜೀವಿಯನ್ನು ವರ್ಣಿಸಿದರು. ಅದೇ ವರ್ಷ ಅದಕ್ಕೆ ಆ ಇಬ್ಬರ ಹೆಸರನ್ನೂ ಕೂಡಿಸಿ ಲೀಷ್ಮೇನಿಯ ಡೊನೊವಾನಿ ಎಂದು ನಾಮಕರಣ ಮಾಡಿದವರು ರಾಸ್ ಅವರೇ! ಇಟಲಿಯ ಗ್ರಾಸಿಯೊಡನೆ ಕೀರ್ತಿಗಾಗಿ ಕಹಿಯಾಗಿ ಕಾದಾಡಿದ ಇವರಲ್ಲಿ ಈ ಔದಾರ್ಯವೂ ಇತ್ತು.

ಮಹಾಪಂಡಿತರೂ ಎಡವಿದ್ದೇಕೆ? ರೋಗಗಳ ಹೊರಲಕ್ಷಣಗಳು ಒಂದೇ ತೆರ. ಕಾಲಾ ಅಜಾರಿನ ಜೀವಿಯಂತೂ ಗುಲ್ಮ, ಮಜ್ಜೆಗಳಲ್ಲಿ ಅಡಗಿರುತ್ತದೆ. ಗುಲ್ಮಕ್ಕೆ ಸೂಜಿ ಚುಚ್ಚುವುದು ಅಪಾಯದ ಕೆಲಸ. ಆದರೆ ಜೀವಿ ಅಡಗಿದರೂ ನಮ್ಮ ದೇಹವು ಅದರ ಪ್ರತಿಜನಕಗಳಿಗೆ ಎದುರಾಗಿ ಪ್ರತಿಕಾಯಗಳನ್ನು ಹುಟ್ಟಿಸಿ ರಕ್ತದಲ್ಲಿ ಬಿಡುತ್ತದೆ. ಹಿಂದೆ ಇಡೀ ಜೀವಿಯನ್ನು ಅರೆದು ಪರೀಕ್ಷೆಗೆ ಬಳಸುತ್ತಿದ್ದುದರಿಂದ ಬೇರೆ ರೋಗಗಳ ಪ್ರತಿಕಾಯವೂ ಅಂಟಿ ಮೋಸವಾಗುತ್ತಿತ್ತು. ಈಗ ಜೀವಿಯ ಒಂದು ಜೀನನ್ನು ಮಾತ್ರ ಆರಿಸಿ, ನಿರಪಾಯದ ಬ್ಯಾಕ್ಟೀರಿಯದೊಳಗೆ ಸೇರಿಸಿ, ಬೇಕಾದ ಒಂದೇ ಪ್ರತಿಜನಕವನ್ನು ಶುದ್ಧವಾಗಿ ಬೆಳೆಸುತ್ತಾರೆ. 1993ರಲ್ಲಿ ವರದಿಯಾದ ಆರ್‌ಕೆ39 ಅಂತಹುದು. ಅದನ್ನು ಸವರಿದ ಪಟ್ಟಿಗೆ ಬೆರಳ ತುದಿಯ ಒಂದು ಹನಿ ರಕ್ತ ಸಾಕು. ಕೆಲವೇ ನಿಮಿಷಗಳಲ್ಲಿ ಗೆರೆ ಮೂಡುತ್ತದೆ. ಬಿಹಾರದ ಹಳ್ಳಿಗಳಿಗೆ ಇದು ದೊಡ್ಡ ಉಪಕಾರ. ಆದರೂ ರೋಗ ವಾಸಿಯಾದ ಮೇಲೆಯೂ ಪ್ರತಿಕಾಯಗಳು ಬಹುಕಾಲ ಉಳಿಯುವುದರಿಂದ, ಗೆರೆಯನ್ನು ಕಂಡೊಡನೆ ಈಗಲೇ ರೋಗವಿದೆಯೆನ್ನಲಾಗದು. ವೈದ್ಯರ ವಿವೇಚನೆ ಬೇಕೇ ಬೇಕು.

ರಾಸ್ ಅವರು 1932ರ ಸೆಪ್ಟೆಂಬರ್ 16ರಂದು ಲಂಡನ್ನಿನಲ್ಲಿ ತೀರಿಕೊಂಡರು. ತಪ್ಪುವುದು ಅಪಮಾನವಲ್ಲ, ಕಂಡ ಮೇಲೂ ಒಪ್ಪದಿರುವುದೇ ಅಪಮಾನ ಎಂಬುದನ್ನು ಅವರ ಬಾಳು ತೋರಿಸುತ್ತದೆ. ಪರೀಕ್ಷೆಗಳಿಗೆ ಅಂಜುವ ವಿದ್ಯಾರ್ಥಿಮಿತ್ರರು ಇದನ್ನು ನೆನಪಿನಲ್ಲಿಡುವುದು ಒಳ್ಳೆಯದು.