ಬರಗಾಲದಲ್ಲಿ ಕೆಲಸ ಕೊಟ್ಟ ಪಾದ್ರಿ ಜಾನ್ ಕ್ಲೌ

ನಮ್ಮ ಹಿರಿಯರು ಧಾತು-ಈಶ್ವರ ಸಂವತ್ಸರಗಳ ಬರವೆಂದು ಹೇಳುತ್ತಿದ್ದ 1876–78ರ ಮಹಾಕ್ಷಾಮವು ಮೈಸೂರು, ಬಳ್ಳಾರಿ ಸೀಮೆಗಳಂತೆಯೇ ತೆಲುಗು ನಾಡಿನ ಒಂಗೋಲನ್ನೂ ಕಾಡಿತು. ಆಗ ಅಲ್ಲಿನ ಬಡವರ ಕೈ ಹಿಡಿದವರು ಜಾನ್ ಎವರೆಟ್ ಕ್ಲೌ.

ಕ್ಲೌ ಅವರು 1836ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಜನಿಸಿದರು. ಹರೆಯದಲ್ಲಿ ಸರ್ಕಾರದ ಭೂಮಾಪನ ತಂಡದಲ್ಲಿ ದುಡಿದರು. ಮುಂದೆ ಬ್ಯಾಪ್ಟಿಸ್ಟ್ ಮಿಷನರಿಯಾಗಿ ಭಾರತಕ್ಕೆ ಬಂದು, ತೆಲುಗು ಕಲಿತು, 1866ರಲ್ಲಿ ಒಂಗೋಲಿನಲ್ಲಿ ನೆಲೆಸಿದರು.

ಬರ ಬಿದ್ದಾಗ ಸರ್ಕಾರವು ಹಸಿದವರಿಗಾಗಿ ಕೂಲಿ ಕಾಮಗಾರಿ ತೆರೆಯಿತು. ಆದರೆ ಅಲ್ಲಿಯ ಮೇಲ್ವಿಚಾರಕರು ಮಾದಿಗರನ್ನು ಹೀನಾಯವಾಗಿ ನಡೆಸಿಕೊಳ್ಳುತ್ತಿದ್ದರು. ಇದನ್ನರಿತ ಕ್ಲೌ, ಬಕಿಂಗ್‌ಹ್ಯಾಮ್ ಕಾಲುವೆಯ ಒಂದು ಭಾಗವನ್ನು ತೋಡಿಸುವ ಗುತ್ತಿಗೆಯನ್ನು ತಾವೇ ಹಿಡಿದರು. ತಮ್ಮ ಬೋಧಕರನ್ನೇ ಮೇಸ್ತ್ರಿಗಳನ್ನಾಗಿ ನೇಮಿಸಿದರು. ಅಳೆಯುವ, ಲೆಕ್ಕವಿಡುವ ಹಳೆಯ ಅನುಭವ ನೆರವಿಗೆ ಬಂತು. ಸಾವಿರಾರು ಜನ ಗುಡಿಸಲು ಹಾಕಿಕೊಂಡು ಮಣ್ಣು ಹೊತ್ತರು. ದುಡಿದ ಕೂಲಿ ಅವರ ಕೈ ಸೇರಿತು. ಕೆಲಸಗಾರರ ನಡುವೆ ಕಾಲರಾ ಹಬ್ಬಿದರೂ ಕ್ಲೌ ಎದೆಗುಂದಲಿಲ್ಲ.

ಅನ್ನದಾಸೆಗೆ ಯಾರೂ ಮತ ಬದಲಿಸಬಾರದೆಂಬುದು ಅವರ ನಿಲುವು. ಆದ್ದರಿಂದ ಬರದ ದಿನಗಳಲ್ಲಿ 15 ತಿಂಗಳು ಯಾರಿಗೂ ದೀಕ್ಷಾಸ್ನಾನ ಕೊಡಲಿಲ್ಲ. ಕೇಳಿಬಂದವರನ್ನೂ ಹಿಂದಕ್ಕೆ ಕಳುಹಿಸಿದರು. ಆ ಬಳಿಕ 1878ರ ಜುಲೈ 3ರಂದು ಗುಂಡ್ಲಕಮ್ಮ ನದಿಯಲ್ಲಿ ಒಂದೇ ದಿನ 2,222 ಮಂದಿ ದೀಕ್ಷೆ ಪಡೆದರು.

1910ರಲ್ಲಿ ಕ್ಲೌ ಅಮೆರಿಕದಲ್ಲಿ ನಿಧನರಾದರು. ಹಸಿದವನಿಗೆ ಅನ್ನದಷ್ಟೇ ಮಾನವೂ ಮುಖ್ಯ. ಎರಡನ್ನೂ ಒಟ್ಟಿಗೆ ಕೊಡುವ ದಾರಿ ಕಂಡುಕೊಂಡ ಈ ಬದುಕು ನಮ್ಮ ವಿದ್ಯಾರ್ಥಿಗಳಿಗೆ ಮಾದರಿ.