ಕರ್ನಲ್ ಹೂಪರನೂ ಕ್ಷಾಮದ ಛಾಯಾಚಿತ್ರಗಳೂ

ಮಳೆ ಕೈಕೊಟ್ಟ ವರ್ಷಗಳಲ್ಲಿ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳಿಗೆ ಅಧಿಕಾರಿಗಳ ಹಿಂದೆಯೇ ಛಾಯಾಗ್ರಾಹಕರೂ ಬರುತ್ತಾರೆ. ನಾಡಿನಲ್ಲಿಯೇ ಅತ್ಯಲ್ಪ ಮಳೆ ಬೀಳುವ ಸೀಮೆಗಳಲ್ಲಿ ಒಂದಾದ ಈ ಭಾಗದ ಬಿರುಕುಬಿಟ್ಟ ಕೆರೆಯಂಗಳ, ಗೋಶಾಲೆಯ ಬಡಕಲು ದನ, ಖಾಲಿ ಕೊಡಗಳೊಡನೆ ಕಾದು ನಿಂತ ಹೆಂಗಸರು, ಇವೆಲ್ಲವೂ ಮರುದಿನದ ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುತ್ತವೆ. ಇಂತಹ ಚಿತ್ರಗಳನ್ನು ಅಚ್ಚಿಗೆ ಕೊಡುವ ಮುನ್ನ ಎಷ್ಟರ ಮಟ್ಟಿಗೆ ತಿದ್ದಬಹುದೆಂಬುದು ಈಗ ಗಂಭೀರವಾದ ಪ್ರಶ್ನೆಯಾಗಿದೆ. ಆಕಾಶವನ್ನು ಕಪ್ಪಾಗಿಸುವುದು, ಮುಖದ ಸುಕ್ಕುಗಳನ್ನು ಗಾಢಗೊಳಿಸುವುದು, ಅಂಚಿನಲ್ಲಿ ನಗುತ್ತ ನಿಂತ ಹುಡುಗನನ್ನು ಕತ್ತರಿಸಿಹಾಕುವುದು, ಇವು ಈಗ ಕ್ಷಣಮಾತ್ರದ ಕೆಲಸಗಳು. ಆದರೆ ಪ್ರಶ್ನೆಯು ಹೊಸದಲ್ಲ. ಸುಮಾರು ಒಂದೂವರೆ ಶತಮಾನದ ಹಿಂದೆಯೇ ದಕ್ಷಿಣ ಹಿಂದುಸ್ಥಾನದ ಹಸಿವನ್ನು ಗಾಜಿನ ಫಲಕದ ಮೇಲೆ ಹಿಡಿದ ಒಬ್ಬ ಆಂಗ್ಲ ಸೇನಾಧಿಕಾರಿಯ ಜೀವನವು ಇದಕ್ಕೆ ಒಳ್ಳೆಯ ನಿದರ್ಶನವಾಗಿದೆ. ವಿಲೋಬಿ ವ್ಯಾಲೇಸ್ ಹೂಪರನ ಆ ಚರಿತ್ರೆಯನ್ನು ಸಂಕ್ಷೇಪವಾಗಿ ವಾಚಕರ ಮುಂದಿಡುವುದು ಉಚಿತವೆಂದು ನಾವು ಭಾವಿಸುತ್ತೇವೆ.

ಹೂಪರನು 1837ರಲ್ಲಿ ಇಂಗ್ಲೆಂಡಿನಲ್ಲಿ ಜನಿಸಿದನು. ಎಳೆಯ ಪ್ರಾಯದಲ್ಲಿಯೇ ಈಸ್ಟ್ ಇಂಡಿಯಾ ಕಂಪೆನಿಯ ಲಂಡನ್ ಕಚೇರಿಯಲ್ಲಿ ಗುಮಾಸ್ತೆಯಾಗಿ ಸೇರಿ, 1858ರಲ್ಲಿ, ಅಂದರೆ ಕಂಪೆನಿಯ ಆಡಳಿತವು ಮುಗಿದು ರಾಣಿಯ ಆಳ್ವಿಕೆ ಮೊದಲಾದ ವರ್ಷದಲ್ಲಿ, ಮದರಾಸಿನ ಕುದುರೆ ಸೈನ್ಯಕ್ಕೆ ಬಂದನು. ಛಾಯಾಗ್ರಹಣದಲ್ಲಿ ಅವನಿಗೆ ಅಸಾಧಾರಣವಾದ ಆಸಕ್ತಿಯೂ ಕೌಶಲವೂ ಇದ್ದವು. ಅವನ ಮೇಲಧಿಕಾರಿಗಳು ಇದನ್ನು ಬಹು ಬೇಗ ಉಪಯೋಗಿಸಿಕೊಂಡರು. ಈ ದೇಶದ ಜಾತಿ ಪಂಗಡಗಳನ್ನೆಲ್ಲ ಚಿತ್ರಸಹಿತವಾಗಿ ಪಟ್ಟಿಮಾಡಬೇಕೆಂದು ಸರಕಾರವು ಹೊರಟಿದ್ದ ಕಾಲವದು. 1868ರಿಂದ 1875ರವರೆಗೆ ಎಂಟು ಸಂಪುಟಗಳಲ್ಲಿ ಹೊರಬಂದ ಆ ಮಹಾಗ್ರಂಥಕ್ಕೆ ಮಧ್ಯ ಹಿಂದುಸ್ಥಾನದಿಂದ ಚಿತ್ರಗಳನ್ನು ಒದಗಿಸಿದವರಲ್ಲಿ ಹೂಪರನೂ ಒಬ್ಬನು. ಯಂತ್ರದ ಮುಂದೆ ಕುಳಿತ ಮನುಷ್ಯನು ಇಂಥವರ ಮಗ, ಇಂಥ ಊರಿನ ಒಕ್ಕಲು ಎಂದು ಆ ಗ್ರಂಥಕ್ಕೆ ಬೇಕಾಗಿರಲಿಲ್ಲ. ಅವನು ಇಂಥ ಪಂಗಡದ ಒಂದು ಮಾದರಿ ಎಂದರೆ ಸಾಕಾಗಿತ್ತು. ವ್ಯಕ್ತಿಯನ್ನು ವಸ್ತುವಾಗಿ ಕಾಣುವ ಅಭ್ಯಾಸವು ಹೂಪರನಿಗೆ ಇಲ್ಲಿಯೇ ಅಂಟಿತೆಂದರೆ ತಪ್ಪಾಗಲಾರದು.

ಮುಂದೆ ಅವನು ವೆಸ್ಟರ್ನ್ ಎಂಬ ಪಶುವೈದ್ಯನೊಡನೆ ಕೂಡಿ ಹುಲಿಬೇಟೆಯ ಚಿತ್ರಗಳ ಒಂದು ಮಾಲೆಯನ್ನು ಪ್ರಕಟಿಸಿ ಹೆಸರಾದನು. ಅಂದಿನ ಯಂತ್ರಗಳು ಬಹು ನಿಧಾನ. ಹಾರುವ ಹುಲಿಯನ್ನಾಗಲಿ ಓಡುವ ಬೇಟೆಗಾರನನ್ನಾಗಲಿ ಅವು ಹಿಡಿಯಲಾರವು. ಆದುದರಿಂದ ಬೇಟೆಯ ಒಂದೊಂದು ಹಂತವನ್ನೂ ನಾಟಕದ ದೃಶ್ಯದಂತೆ ಜೋಡಿಸಿ ಚಿತ್ರ ತೆಗೆಯಲಾಯಿತು. ವಿನೋದಕ್ಕಾಗಿ ಮಾಡಿದ ಇಂಥ ಜೋಡಣೆಯನ್ನು ಯಾರೂ ಆಕ್ಷೇಪಿಸಲಾರರು. ಆದರೆ ಅದೇ ಕೈ, ಅದೇ ಜೋಡಣೆಯ ಚಾತುರ್ಯದೊಡನೆ, ಕೆಲವೇ ವರ್ಷಗಳಲ್ಲಿ ಮನುಷ್ಯರ ಹಸಿವಿನ ಕಡೆಗೆ ತಿರುಗಿತು.

1876ರಲ್ಲಿ ಮುಂಗಾರು ಹಿಂಗಾರುಗಳೆರಡೂ ವಿಫಲವಾದವು. ಧಾತು ಸಂವತ್ಸರದಲ್ಲಿ ಮೊದಲಾಗಿ ಈಶ್ವರ ಸಂವತ್ಸರಕ್ಕೂ ಮುಂದುವರಿದ ಆ ಕ್ಷಾಮವನ್ನು ನಮ್ಮ ಜನರು ಧಾತು ಈಶ್ವರದ ಬರವೆಂದೇ ಕರೆದರು. ಮೈಸೂರು ಸೀಮೆಯು ಆಗ ಆಂಗ್ಲ ಕಮಿಷನರ ಆಡಳಿತದಲ್ಲಿತ್ತು. 1871ರ ಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಸಂಸ್ಥಾನದ ಜನಸಂಖ್ಯೆಯು 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿಯಿತು. ಚಿತ್ರದುರ್ಗದ ಬಯಲುಸೀಮೆಯೂ, ಮೊಳಕಾಲ್ಮೂರಿಗೆ ಹೊಂದಿಕೊಂಡಿದ್ದ ಬಳ್ಳಾರಿ ಜಿಲ್ಲೆಯೂ ಈ ಸಂಕಟದ ನಡುವೆಯೇ ಇದ್ದವು. ಜನರು ಸಾಯುತ್ತಿದ್ದಾಗಲೂ ರೇವುಪಟ್ಟಣಗಳಿಂದ ಧಾನ್ಯವು ಹಡಗೇರಿ ಹೊರಗೆ ಹೋಗುತ್ತಲೇ ಇತ್ತು. 1877ರ ಆರಂಭದಲ್ಲಿ ಸರ್ ರಿಚರ್ಡ್ ಟೆಂಪಲನು ಪರಿಹಾರದ ಕೂಲಿಯನ್ನು ದಿನಕ್ಕೆ ಒಂದು ಪೌಂಡು, ಅಂದರೆ ಸುಮಾರು 450 ಗ್ರಾಂ ಧಾನ್ಯ ಮತ್ತು ಒಂದಾಣೆಗೆ ಇಳಿಸಿದನು. ಇಷ್ಟು ಆಹಾರದಿಂದ ದುಡಿಯುವ ದೇಹವು ಉಳಿಯದೆಂದು ಮದರಾಸಿನ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷನು ವಾದಿಸಿದನು. ಹಸಿದವರ ದೇಹಗಳೇ ಆ ವ್ಯಾಜ್ಯದ ಸಾಕ್ಷ್ಯವಾದವು.

ಇಂಥ ಹೊತ್ತಿನಲ್ಲಿ ಹೂಪರನು ಮದರಾಸು ಪ್ರಾಂತ್ಯದಲ್ಲಿ ಚಿತ್ರ ತೆಗೆದನು. ಎಲುಬುಗಳನ್ನು ಎಣಿಸಬಹುದಾದಷ್ಟು ಕೃಶರಾದ ಗಂಡಸರು, ಹೆಂಗಸರು, ಮಕ್ಕಳನ್ನು ಗುಂಪುಗುಂಪಾಗಿ ನಿಲ್ಲಿಸಿ, ನಿಲ್ಲಲಾರದವರನ್ನು ಕುಳ್ಳಿರಿಸಿ, ಮಲಗಿಸಿ ತೆಗೆದ ಫಲಕಗಳವು. ಅವುಗಳಲ್ಲಿ ಸುಳ್ಳು ದೇಹ ಒಂದೂ ಇಲ್ಲ. ಹಸಿವನ್ನು ಅವನು ಕಲ್ಪಿಸಲಿಲ್ಲ. ಆದರೆ ಯಾರು ಎಲ್ಲಿ ಕೂರಬೇಕು, ಎಷ್ಟು ಮೈ ಕಾಣಬೇಕು ಎಂಬುದು ಹಸಿದವರ ಇಚ್ಛೆಯಂತೆ ನಡೆಯಲಿಲ್ಲ. ಅನ್ನದ ಆಸರೆ ಯಾರ ಕೈಯಲ್ಲಿತ್ತೋ ಅವರ ಜನಾಂಗದ ಅಧಿಕಾರಿಯ ಮುಂದೆ ಬೇಡವೆನ್ನುವ ಧೈರ್ಯವು ಅವರಿಗೆಲ್ಲಿಂದ ಬರಬೇಕು? ಒಂದು ಚಿತ್ರಕ್ಕೆ ಪರಿತ್ಯಕ್ತರೆಂಬ ಅರ್ಥದ ಹೆಸರನ್ನೂ, ದನವಿರುವ ಇನ್ನೊಂದಕ್ಕೆ ಹಿಂಡಿನಲ್ಲಿ ಕಡೆಯದೆಂಬ ಹೆಸರನ್ನೂ, ಮತ್ತೊಂದಕ್ಕೆ ಪುಕ್ಕಟೆ ಪರಿಹಾರಕ್ಕೆ ಅರ್ಹರೆಂಬ ಅರ್ಥದ ಹೆಸರನ್ನೂ ಕೊಡಲಾಯಿತು. ಚಿತ್ರದಲ್ಲಿರುವವರ ಹೆಸರು ಮಾತ್ರ ಎಲ್ಲಿಯೂ ಇಲ್ಲ. ಈ ಕಡೆಯ ಶೀರ್ಷಿಕೆಯನ್ನು ಓದಿದವನು ಭಿಕ್ಷೆಗೆ ಯಾರು ಯೋಗ್ಯರೆಂದು ಯೋಚಿಸುತ್ತಾನೆಯೇ ಹೊರತು, ಈ ದುರವಸ್ಥೆಗೆ ಹೊಣೆ ಯಾರೆಂದು ಕೇಳುವುದಿಲ್ಲ. ಫಲಕವನ್ನು ಮುಟ್ಟದೆಯೇ ಮಾಡಿದ ತಿದ್ದುಪಡಿ ಇದು.

ಅಂದಿನ ಪತ್ರಿಕೆಗಳು ಛಾಯಾಚಿತ್ರವನ್ನು ನೇರವಾಗಿ ಅಚ್ಚುಮಾಡಲಾರದೆ ಮರದ ಕೆತ್ತನೆಗಳನ್ನು ಬಳಸುತ್ತಿದ್ದವು. 1877ರ ಅಕ್ಟೋಬರಿನಲ್ಲಿ ಲಂಡನ್ನಿನ ಸಚಿತ್ರ ಪತ್ರಿಕೆಗಳಲ್ಲಿ ಬೆಂಗಳೂರಿನಲ್ಲಿ ಪರಿಹಾರಕ್ಕೆ ಕಾದು ನಿಂತವರ ಚಿತ್ರವೂ, ಬಳ್ಳಾರಿ ಜಿಲ್ಲೆಯ ಜನರ ಮತ್ತು ದನಗಳ ಚಿತ್ರವೂ ಹೀಗೆ ಕೆತ್ತನೆಯಾಗಿ ಬಂದವು. ಕೆತ್ತುವವನು ದೂರದಲ್ಲಿ ಕುಳಿತು ಗೆರೆಗಳನ್ನು ಹೆಚ್ಚಿಸುವುದಕ್ಕೂ ಕಡಮೆಮಾಡುವುದಕ್ಕೂ ಸ್ವತಂತ್ರನಾಗಿದ್ದನು. ಅದೇ ವರ್ಷ ಲಂಡನ್ನಿನ ಮೇಯರನ ನಿಧಿಗೆ ಲಕ್ಷಾಂತರ ಪೌಂಡು ಹಣ ಕೂಡಿಬಂದಿತು. ಮರುಕವು ಹಣವಾಯಿತು, ಹಣವು ಅನೇಕರ ಪ್ರಾಣವನ್ನುಳಿಸಿತು. ಇದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಆ ಮರುಕವು ಆಡಳಿತವನ್ನು ಪ್ರಶ್ನಿಸುವವರೆಗೆ ಬೆಳೆಯಲು ಇನ್ನೂ ಬಹಳ ಕಾಲ ಹಿಡಿಯಿತು.

ಹೂಪರನ ಜೀವನದ ಕರಾಳ ಅಧ್ಯಾಯವು ಬರ್ಮಾದಲ್ಲಿ ನಡೆಯಿತು. 1885ರ ಕೊನೆಯಲ್ಲಿ ಮಾಂಡಲೆಯನ್ನು ವಶಪಡಿಸಿಕೊಂಡ ಸೈನ್ಯದಲ್ಲಿ ಅವನು ದಂಡನಾಧಿಕಾರಿಯಾಗಿದ್ದನು. ಡಕಾಯಿತರೆಂದು ಹಿಡಿದ ಬರ್ಮೀಯರನ್ನು ಗುಂಡಿಕ್ಕಿ ಕೊಲ್ಲುವಾಗ, ಗುಂಡು ತಗಲುವ ಕ್ಷಣವನ್ನೇ ಚಿತ್ರದಲ್ಲಿ ಹಿಡಿಯಬೇಕೆಂದು ಅವನು ಯಂತ್ರವನ್ನು ಅಣಿಮಾಡಿ, ಫಲಕವು ಸಿದ್ಧವಾಗುವವರೆಗೆ ಆಜ್ಞೆಯನ್ನು ತಡೆಹಿಡಿಸಿದನೆಂಬ ಆಪಾದನೆಯು 1886ರ ಜನವರಿಯಲ್ಲಿ ಲಂಡನ್ನಿನ ಟೈಮ್ಸ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಚಿತ್ರ ತೆಗೆದುದನ್ನು ಹೂಪರನು ಒಪ್ಪಿದನು, ತಡಮಾಡಿಸಿದುದನ್ನು ಒಪ್ಪಲಿಲ್ಲ. ಪಾರ್ಲಿಮೆಂಟಿನಲ್ಲಿ ಪ್ರಶ್ನೆಗಳೆದ್ದವು, ವಿಚಾರಣೆ ನಡೆಯಿತು, ಅವನು ಛೀಮಾರಿಗೆ ಗುರಿಯಾದನು. ಆದರೂ 1887ರಲ್ಲಿ ಅವನ ಬರ್ಮಾ ಚಿತ್ರಗಳ ನೂರು ಫಲಕಗಳ ಸಂಪುಟವು ಹೊರಬಂದಿತು. ಕರ್ನಲ್ ಪದವಿಗೇರಿ 1896ರಲ್ಲಿ ನಿವೃತ್ತನಾದ ಅವನು ಸ್ವದೇಶದಲ್ಲಿ 1912ರಲ್ಲಿ ತೀರಿಕೊಂಡನು. ಪಂಗಡಗಳ ಚಿತ್ರದಲ್ಲಿ ಮನುಷ್ಯನ ಹೆಸರು ಹೋಯಿತು, ಕ್ಷಾಮದ ಚಿತ್ರದಲ್ಲಿ ಅವನ ಇಚ್ಛೆ ಹೋಯಿತು. ಬರ್ಮಾದ ಆಪಾದನೆಯು ನಿಜವಾದರೆ, ಸಾಯುವವನ ಕಡೆಯ ನಿಮಿಷವೂ ಚಿತ್ರಗಾರನ ಅನುಕೂಲಕ್ಕೆ ಒಳಪಟ್ಟಿತು. ಇವು ಒಂದೇ ದಾರಿಯ ಮೂರು ಮೈಲಿಗಲ್ಲುಗಳೆಂದು ನಮಗೆ ತೋರುತ್ತದೆ.

ಹಾಗೆಂದು ಕಷ್ಟದ ಚಿತ್ರಗಳೇ ಬೇಡವೆನ್ನುವುದು ಅವಿವೇಕ. ಬಂಗಾಳದ ಕ್ಷಾಮವನ್ನು ಸರಕಾರವು ಮರೆಮಾಚುತ್ತಿದ್ದಾಗ, 1943ರ ಆಗಸ್ಟ್ 22ರಂದು ಕಲಕತ್ತೆಯ ಸ್ಟೇಟ್ಸ್‌ಮನ್ ಪತ್ರಿಕೆಯು ಬೀದಿಯಲ್ಲಿ ಬಿದ್ದವರ ಚಿತ್ರಗಳನ್ನು ಪ್ರಕಟಿಸಿದುದರಿಂದಲೇ ಜಗತ್ತಿನ ಕಣ್ಣು ತೆರೆಯಿತು. ಆದರೆ ಅಲ್ಪ ಕೈಚಳಕವೂ ಮಹತ್ತಾದ ಸತ್ಯವನ್ನು ಕೆಡಿಸಬಲ್ಲುದು. 1936ರಲ್ಲಿ ಅಮೆರಿಕದ ಡಕೋಟಾ ಪ್ರಾಂತ್ಯದಲ್ಲಿ ಬರವನ್ನು ಚಿತ್ರಿಸುತ್ತಿದ್ದ ಆರ್ಥರ್ ರಾತ್‌ಸ್ಟೈನನು ಒಂದು ದನದ ತಲೆಬುರುಡೆಯನ್ನು ಕೆಲವು ಅಡಿಗಳಾಚೆ ಸರಿಸಿಟ್ಟು ಬೇರೆ ಬೇರೆ ಚಿತ್ರ ತೆಗೆದನು. ಇದು ತಿಳಿದೊಡನೆ ಅಧ್ಯಕ್ಷ ರೂಸ್ವೆಲ್ಟನ ವಿರೋಧಿಗಳು ಬರವೇ ಕೃತ್ರಿಮವೆಂದು ಕೂಗೆಬ್ಬಿಸಿದರು. ಬರವು ನಿಜವಾಗಿತ್ತು, ರೈತರ ನಷ್ಟವೂ ನಿಜವಾಗಿತ್ತು. ಬುರುಡೆಯನ್ನು ಸರಿಸಿದ ಒಂದು ಕೈಯಿಂದ ಅವೆರಡೂ ಸಂಶಯಕ್ಕೆ ಒಳಗಾದವು. ದುಃಖವನ್ನು ಹೆಚ್ಚಿಸಿ ತೋರಿಸುವವನು ದುಃಖಿಯ ಸಾಕ್ಷ್ಯವನ್ನೇ ದುರ್ಬಲಗೊಳಿಸುತ್ತಾನೆ.

ಆದುದರಿಂದ ನಮ್ಮ ಅಭಿಪ್ರಾಯವು ಹೀಗಿದೆ. ಮಬ್ಬಾದುದನ್ನು ಕಣ್ಣಿಗೆ ಕಾಣುವಂತೆ ತಿಳಿಗೊಳಿಸುವುದು, ಧೂಳಿನ ಕಲೆಯನ್ನು ತೆಗೆಯುವುದು ಸಲ್ಲುವ ಕೆಲಸ. ಅಲ್ಲಿಲ್ಲದುದನ್ನು ಸೇರಿಸುವುದೂ, ಇದ್ದುದನ್ನು ಅಳಿಸುವುದೂ, ಬಿಸಿಲನ್ನು ಪ್ರಳಯದ ಕತ್ತಲಾಗಿಸುವುದೂ ಸಲ್ಲದು. ಇವುಗಳಿಗಿಂತ ಮುಖ್ಯವಾಗಿ, ಯಾರನ್ನಾದರೂ ನಿಲ್ಲಿಸಿ ಕುಳ್ಳಿರಿಸಿ ತೆಗೆದ ಚಿತ್ರವಾದರೆ ಹಾಗೆಂದು ಕೆಳಗೆ ಬರೆಯಬೇಕು. ಊರು, ದಿನ, ಒಪ್ಪಿದರೆ ಹೆಸರು, ಇವಿಲ್ಲದ ಚಿತ್ರವನ್ನು ಪತ್ರಿಕೆಗಳು ಸ್ವೀಕರಿಸಬಾರದು, ಅಧಿಕಾರಿಗಳು ತಮ್ಮ ವರದಿಗೆ ಲಗತ್ತಿಸಬಾರದು. ಚಳ್ಳಕೆರೆ ಸೀಮೆಯ ಮ್ಯಾಸಬೇಡರ ದೇವರ ಎತ್ತುಗಳನ್ನೇ ನೋಡೋಣ. ಮೇವಿಲ್ಲದ ವರ್ಷ ಸೊರಗಿದ ಒಂದು ಎತ್ತನ್ನು ಮಾತ್ರ ಕತ್ತರಿಸಿ ತೋರಿಸಿದರೆ ಅದು ಅನಾಥ ಪಶುವಾಗುತ್ತದೆ. ಪಕ್ಕದಲ್ಲಿ ನಿಂತ ಕಿಲಾರಿಯನ್ನೂ ಉಳಿಸಿಕೊಂಡರೆ, ಬರದಲ್ಲಿಯೂ ಕೈಬಿಡದ ಒಂದು ಜನಾಂಗದ ವ್ರತವು ಕಾಣುತ್ತದೆ, ಸರಕಾರವು ಮೇವು ಯಾರಿಗೆ ತಲುಪಿಸಬೇಕೆಂಬುದೂ ತಿಳಿಯುತ್ತದೆ.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ 1892ರಲ್ಲಿ ರೈಸ್ ಸಾಹೇಬನು ಬೆಳಕಿಗೆ ತಂದ ಅಶೋಕನ ಶಾಸನಗಳನ್ನು ಬಲ್ಲವರಿಗೆ ಚಪಡನ ಹೆಸರು ಪರಿಚಿತ. ರಾಜಾಜ್ಞೆಯನ್ನು ಬಂಡೆಗಿಳಿಸಿದ ಆ ಲಿಪಿಕಾರನು ಬರೆದವನು ತಾನೆಂದು ಕೊನೆಯಲ್ಲಿ ಹೇಳಿಕೊಂಡನು, ತನ್ನ ವೃತ್ತಿಯ ಹೆಸರನ್ನು ದೂರದ ವಾಯವ್ಯದ ಖರೋಷ್ಠಿ ಲಿಪಿಯಲ್ಲಿ ಕೆತ್ತಿಸಿದನು. ಬರೆದವನ ಗುರುತು ಎರಡು ಸಾವಿರ ವರ್ಷಗಳಿಗೂ ಮೀರಿ ಉಳಿಯಿತು. ಹೂಪರನ ಗುರುತೂ ಅವನ ಫಲಕಗಳೊಡನೆ ಉಳಿದಿದೆ. ಅವುಗಳಲ್ಲಿ ಕುಳಿತವರು ಯಾವ ಊರಿನವರು, ಯಾರ ತಾಯಿ, ಯಾರ ಮಗು, ಚಿತ್ರ ತೆಗೆದ ಸಂಜೆ ಅವರಿಗೆ ಊಟ ದೊರೆಯಿತೇ ಎಂಬುದನ್ನು ಬರೆದಿಡಲು ಅಂದು ಒಂದು ಸಾಲಿನ ಶಾಯಿ ಸಾಕಾಗಿತ್ತು. ಮುಂದಿನ ಬರದಲ್ಲಿ ಚಳ್ಳಕೆರೆಗೆ ಯಂತ್ರ ಹಿಡಿದು ಹೋಗುವವರು ಆ ಒಂದು ಸಾಲನ್ನು ಮರೆಯದೆ ಬರೆದುಕೊಂಡು ಬರಲಿ.