ಅಂಧರ ಅಕ್ಷರಗುರು ಲೂಯಿ ಬ್ರೈಲ್

ಚಿತ್ರದುರ್ಗದ ಅಂಧ ವಿದ್ಯಾರ್ಥಿಯೊಬ್ಬನು ಇಂದು ಮೊಬೈಲಿನ ಗಾಜಿನ ಮೇಲೆ ಬೆರಳಾಡಿಸಿದರೆ, ಬೆರಳು ತಗುಲಿದ ಹೆಸರನ್ನು ಅದು ಕನ್ನಡದಲ್ಲಿ ಓದಿ ಹೇಳಬಲ್ಲುದು. ಅದೇ ಗಾಜನ್ನು ಆರು ಬೆರಳುಗಳಿಂದ ಒತ್ತಿ ಅವನು ಬರೆಯಲೂಬಲ್ಲನು. ಆರೇ ಬೆರಳುಗಳೇಕೆ? ಇದಕ್ಕೆ ಉತ್ತರವು ಸುಮಾರು ಇನ್ನೂರು ವರ್ಷಗಳ ಹಿಂದೆ ಫ್ರಾನ್ಸ್ ದೇಶದಲ್ಲಿ ಬಾಳಿದ ಬಾಲಕನೊಬ್ಬನ ಸಾಧನೆಯಲ್ಲಿದೆ.

ಲೂಯಿ ಬ್ರೈಲನು 1809ರ ಜನವರಿ 4ರಂದು ಪ್ಯಾರಿಸ್ ನಗರದ ಪೂರ್ವಕ್ಕಿರುವ ಕೂವ್ರೇ ಎಂಬ ಹಳ್ಳಿಯಲ್ಲಿ ಜನಿಸಿದನು. ತಂದೆಯು ಕುದುರೆಗಳ ಜೀನು, ಲಗಾಮುಗಳನ್ನು ತಯಾರಿಸುತ್ತಿದ್ದನು. ಮೂರು ವರ್ಷದ ಲೂಯಿ ತಂದೆಯ ಕೆಲಸದ ಕೋಣೆಯಲ್ಲಿ ಆಡುತ್ತಿದ್ದಾಗ, ಚರ್ಮಕ್ಕೆ ತೂತು ಹಾಕುವ ಮೊನಚಾದ ಸಲಕರಣೆಯು ಕಣ್ಣಿಗೆ ನಾಟಿತು. ಗಾಯದ ನಂಜು ಇನ್ನೊಂದು ಕಣ್ಣಿಗೂ ಹಬ್ಬಿತು. ಐದನೆಯ ವಯಸ್ಸಿಗೆ ಅವನು ಪೂರ್ಣವಾಗಿ ಅಂಧನಾದನು. ಆದರೂ ತಂದೆತಾಯಿಗಳು ಮಗನನ್ನು ಮೂಲೆಯಲ್ಲಿ ಕೂರಿಸದೆ ಊರಿನ ಶಾಲೆಗೆ ಕಳುಹಿಸಿದರು.

1819ರಲ್ಲಿ ಲೂಯಿ ಪ್ಯಾರಿಸಿನ ಅಂಧ ಬಾಲಕರ ಶಾಲೆಯನ್ನು ಸೇರಿದನು. ಅಲ್ಲಿನ ಪುಸ್ತಕಗಳಲ್ಲಿ ಸಾಮಾನ್ಯ ಅಕ್ಷರಗಳನ್ನೇ ಉಬ್ಬುವಂತೆ ಒತ್ತಲಾಗಿತ್ತು. ಒಂದೊಂದು ಅಕ್ಷರದ ಆಕಾರವನ್ನೂ ತಡವಿ ತಿಳಿಯಬೇಕಾದುದರಿಂದ ಓದು ಬಹಳ ನಿಧಾನವಾಗಿ ಸಾಗುತ್ತಿತ್ತು. ಆ ರೀತಿಯಲ್ಲಿ ವಿದ್ಯಾರ್ಥಿಗಳು ತಾವೇ ಬರೆಯುವುದಂತೂ ದುಸ್ಸಾಧ್ಯವಾಗಿತ್ತು. ಕಣ್ಣಿಗಾಗಿ ಹುಟ್ಟಿದ ಅಕ್ಷರವನ್ನು ಬೆರಳಿನ ಮೇಲೆ ಹೇರಲಾಗಿತ್ತು.

1821ರ ಸುಮಾರಿಗೆ ಶಾರ್ಲ್ ಬಾರ್ಬಿಯೇ ಎಂಬಾತನು ರೂಪಿಸಿದ ಚುಕ್ಕೆಬರಹವು ಶಾಲೆಗೆ ಪರಿಚಯವಾಯಿತು. ಅದರ ಒಂದು ಗುರುತಿನಲ್ಲಿ ಹನ್ನೆರಡು ಚುಕ್ಕೆಗಳವರೆಗೂ ಇರುತ್ತಿದ್ದುದರಿಂದ ಅದು ಬೆರಳ ತುದಿಗೆ ಒಮ್ಮೆಗೇ ನಿಲುಕುತ್ತಿರಲಿಲ್ಲ. ಲೂಯಿ ಆ ಬರಹವನ್ನು ತಿದ್ದತೊಡಗಿದನು. ಹದಿನೈದನೆಯ ವಯಸ್ಸಿಗೆ, ಎರಡು ಕಂಬಸಾಲುಗಳಲ್ಲಿ ಮೂರು ಮೂರರಂತೆ ಆರೇ ಚುಕ್ಕೆಗಳ ಲಿಪಿಯು ಸಿದ್ಧವಾಯಿತು. ಈ ಆರರಿಂದ 63 ಗುರುತುಗಳು ಮೂಡುತ್ತವೆ. 1829ರಲ್ಲಿ ಅವನು ಈ ಲಿಪಿಯನ್ನು ಪುಸ್ತಕರೂಪದಲ್ಲಿ ಪ್ರಕಟಿಸಿದನು. ದೃಷ್ಟಿಯನ್ನು ಕಸಿದುಕೊಂಡಂತಹ ಮೊನೆಯೇ ಈಗ ಕಾಗದದ ಮೇಲೆ ಚುಕ್ಕೆಯೊತ್ತಿ ಜ್ಞಾನದ ಬಾಗಿಲನ್ನು ತೆರೆಯಿತು.

ಬ್ರೈಲನು ಅದೇ ಶಾಲೆಯಲ್ಲಿ ಉಪಾಧ್ಯಾಯನಾದನು. ವಿದ್ಯಾರ್ಥಿಗಳು ಅವನ ಲಿಪಿಯನ್ನು ಅಕ್ಕರೆಯಿಂದ ಕಲಿತರು. ಆದರೆ 1840ರಲ್ಲಿ ಬಂದ ಹೊಸ ಮುಖ್ಯಸ್ಥನು ಅದನ್ನು ನಿಷೇಧಿಸಿದನು. ಕಣ್ಣುಳ್ಳವರು ಓದಲಾಗದ ಲಿಪಿಯು ಅಂಧರನ್ನು ಸಮಾಜದಿಂದ ದೂರಮಾಡೀತೆಂಬುದು ಅಂದಿನ ವಿರೋಧಿಗಳ ಆಕ್ಷೇಪವಾಗಿತ್ತು. ವಿದ್ಯಾರ್ಥಿಗಳಾದರೋ ಗುಟ್ಟಾಗಿ ಆ ಲಿಪಿಯಲ್ಲೇ ಬರೆದರು. 1844ರಲ್ಲಿ ಶಾಲೆಯ ನೂತನ ಕಟ್ಟಡದ ಸಮಾರಂಭದಲ್ಲಿ ಅದರ ಸಾಮರ್ಥ್ಯವನ್ನು ಎಲ್ಲರೆದುರು ತೋರಿಸಲಾಯಿತು. ಕ್ಷಯರೋಗದಿಂದ ಬಳಲಿದ ಬ್ರೈಲನು 1852ರ ಜನವರಿ 6ರಂದು ನಿಧನನಾದನು. ಅವನ ದೇಶವು ಆ ಲಿಪಿಗೆ ಅಧಿಕೃತ ಮನ್ನಣೆಯನ್ನು ನೀಡಿದುದು ಅನಂತರ, 1854ರಲ್ಲಿ.

1951ರಲ್ಲಿ ಭಾರತೀಯ ಭಾಷೆಗಳಿಗೆಲ್ಲ ಸಮಾನವಾದ ಭಾರತಿ ಬ್ರೈಲ್ ಅಂಗೀಕೃತವಾಯಿತು. ಎಡಸಾಲಿನ ಮೇಲಿನ ಒಂದು ಚುಕ್ಕೆಯೇ ಕನ್ನಡದ 'ಅ'. ಅದರೊಡನೆ ಅದೇ ಸಾಲಿನ ಕೆಳಗಿನ ಚುಕ್ಕೆ ಸೇರಿದರೆ 'ಕ'. ಮೊಬೈಲಿನ ಧ್ವನಿಯಿಂದ ಪಾಠದ ವಿಷಯವು ತಿಳಿಯುತ್ತದೆ. ಆದರೆ ಅಲ್ಪಪ್ರಾಣವಾವುದು, ಮಹಾಪ್ರಾಣವಾವುದು, ಒತ್ತಕ್ಷರವೆಲ್ಲಿದೆ ಎಂಬುದನ್ನು ಅಕ್ಷರ ಅಕ್ಷರವಾಗಿ ಮನಗಾಣಿಸುವುದು ಬೆರಳೇ. ಆದುದರಿಂದ ಧ್ವನಿಯು ಬಂದರೂ ಚುಕ್ಕೆಯು ಹಿಂದೆ ಸರಿಯಲಿಲ್ಲ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲಿ ಅಂಧ ಬಾಲಕಿಯೊಬ್ಬಳು ತನ್ನ ಹೆಸರನ್ನು ತಾನೇ ಬರೆದು, ತಾನೇ ಓದಿಕೊಳ್ಳುವಾಗ, ಆ ಬೆರಳುಗಳ ಹಿಂದೆ ಕೂವ್ರೇ ಗ್ರಾಮದ ಬಾಲಕನ ಪರಿಶ್ರಮವಿದೆ.